ಹೊಸ ಸ್ಪ್ರಿಂಗು, ಹಳೆಯ ವೈರು

ನಮ್ಮ ಮನೆಯಲ್ಲಿ ದೇವರ ಕೋಣೆಗಿಂತ ದೊಡ್ಡ ಜಾಗ ವ್ಯಾನಿಗಿತ್ತು. ಶಿಕಾರಿಪುರದ ಆ ಹಂಚಿನ ಮನೆಯ ಮುಂಭಾಗದಲ್ಲಿ ಅಜ್ಜ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆ ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಎತ್ತುಗಳು ಹೋಗಿದ್ದವು. ರಸ್ತೆ ಕಡೆಯ ಗೋಡೆ ಒಡೆದು, ಆಗಲೇ ಇಬ್ಬರ ಕೈ ಬದಲಾಗಿ ಬಂದಿದ್ದ ಒಂದು ಬಿಳಿ ವ್ಯಾನನ್ನು ಅಲ್ಲಿ ನಿಲ್ಲಿಸಿದ್ದರು. ಕೊಟ್ಟಿಗೆಗೂ ನಡುಮನೆಗೂ ಮಧ್ಯೆ ಬಾಗಿಲಿರಲಿಲ್ಲ, ಮೊಣಕಾಲೆತ್ತರದ ಒಂದು ಕಟ್ಟೆ ಮಾತ್ರ. ಹಾಗಾಗಿ ನಾವು ಊಟಕ್ಕೆ ಕೂತರೆ ವ್ಯಾನೂ ನಮ್ಮ ಪಂಕ್ತಿಯಲ್ಲೇ ಕೂತ ಹಾಗೆ ಕಾಣುತ್ತಿತ್ತು. ಹಾಸಿಗೆ, ಹೊದಿಕೆ, ನನ್ನ ಶಾಲೆಯ ಚೀಲ ಎಲ್ಲಕ್ಕೂ ಪೆಟ್ರೋಲಿನ ವಾಸನೆ. ಅವ್ವ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಬೆರಳಲ್ಲಿ ಉಳಿದ ಪುಡಿಯಲ್ಲಿ ಮುಂದಿನ ಎರಡೂ ಚಕ್ರಕ್ಕೆ ಒಂದೊಂದು ಎಳೆ ಎಳೆದು ಒಳಗೆ ಬರುತ್ತಿದ್ದಳು. ಅಡುಗೆಮನೆಯಲ್ಲಿ ಎರಡು ಒಲೆ ಇದ್ದವು. ಒಂದರಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಇನ್ನೊಂದರಲ್ಲಿ ಚಿಕ್ಕಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಚಿಕ್ಕಮ್ಮನ ತವರು ಸೊರಬ. ನಮ್ಮ ಜೋಳದ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅವಳ ತಂಬುಳಿ ಅವ್ವನ ಲೆಕ್ಕದಲ್ಲಿ ಸಾರೇ ಅಲ್ಲ. ಈ ವಿಷಯಕ್ಕೆ ವಾರಕ್ಕೊಮ್ಮೆ ಇಬ್ಬರೂ ಮುಖ ತಿರುಗಿಸಿಕೊಂಡು ಅಡುಗೆ ಮಾಡುತ್ತಿದ್ದರು. ಆದರೆ ನಾಲ್ಕು ಗಂಟೆಗೆ ಚಹಾ ಮಾತ್ರ ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು, ಅದನ್ನು ಕುಡಿಯುತ್ತಾ ಜಗಳ ಮರೆಯುತ್ತಿದ್ದರು.

ವ್ಯಾನು ಅಪ್ಪ ಮತ್ತು ಚಿಕ್ಕಪ್ಪ ಇಬ್ಬರದು. ಅಪ್ಪ ಚಿಕ್ಕಂದಿನಿಂದ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಎಂಜಿನ್ ಬಿಚ್ಚುವುದು, ಕಟ್ಟುವುದು ಅವನ ಪಾಲು. ಅವನ ತಮ್ಮ ಪರಸಪ್ಪ, ನನ್ನ ಚಿಕ್ಕಪ್ಪ, ಓಡಿಸುವವನು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬದವರೆಗೆ ದಿನಾ ಜನರನ್ನು ಹತ್ತಿಸಿಕೊಂಡು ಹೋಗಿ ಬರುತ್ತಿದ್ದ. ಮದುವೆಯ ದಿನಗಳಲ್ಲಿ ದಿಬ್ಬಣದವರು ಬಾಡಿಗೆಗೆ ಕರೆಯುತ್ತಿದ್ದರು. ಚಿಕ್ಕಪ್ಪನಿಗೆ ಮಕ್ಕಳಿರಲಿಲ್ಲ. ನಾನೇ ಆ ಇಬ್ಬರಿಗೂ ಮಗಳು. ವ್ಯಾನ್ ತೊಳೆದ ಮೇಲೆ ನಾನು ಒಂದು ಸುತ್ತು ಬಂದು, ಗಾಜಿನ ಮೇಲೆ ಬೆರಳಾಡಿಸಿ, ಧೂಳಿಲ್ಲ ಎಂದು ಹೇಳಬೇಕು. ಅಲ್ಲಿಯವರೆಗೆ ಚಿಕ್ಕಪ್ಪ ಕೀಲಿ ಮುಟ್ಟುತ್ತಿರಲಿಲ್ಲ. ಅದಕ್ಕೇ ನನ್ನನ್ನು ಇನ್‌ಸ್ಪೆಕ್ಟರ್ ಎಂದು ಕರೆಯುತ್ತಿದ್ದ. ಅಣ್ಣ ತಮ್ಮ ಒಬ್ಬರ ಮೈಮೇಲೊಬ್ಬರು ಕೈ ಹಾಕಿಕೊಂಡು ಕೂತದ್ದನ್ನು ನಾನು ನೋಡಿಲ್ಲ, ಪ್ರೀತಿಯ ಮಾತಾಡಿದ್ದನ್ನೂ ಕೇಳಿಲ್ಲ. ಆದರೆ ಅಪ್ಪ ಬಿಗಿದ ನಟ್ಟನ್ನು ಚಿಕ್ಕಪ್ಪ ಎಂದೂ ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ. ಚಿಕ್ಕಪ್ಪ ವ್ಯಾನ್ ತೆಗೆದುಕೊಂಡು ಹೋದನೆಂದರೆ ಅಪ್ಪ ಮತ್ತೆ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ.

ನನಗೆ ಹತ್ತು ತುಂಬಿದ ವರ್ಷ ವ್ಯಾನಿಗೆ ಒಂದು ಕಾಯಿಲೆ ಶುರುವಾಯಿತು. ಎಕ್ಸಲೇಟರ್ ಒತ್ತಿ ಕಾಲು ತೆಗೆದರೂ ಎಂಜಿನ್ ಸದ್ದು ಇಳಿಯುತ್ತಿರಲಿಲ್ಲ, ಸ್ವಲ್ಪ ಹೊತ್ತು ಹಾಗೇ ಕೂಗಿ ಆಮೇಲೆ ಇಳಿಯುತ್ತಿತ್ತು. ಒಮ್ಮೊಮ್ಮೆ ಇಳಿದದ್ದು ಇಳಿದುಕೊಂಡೇ ಹೋಗಿ ನಿಂತೇಬಿಡುತ್ತಿತ್ತು. ಅಪ್ಪ ಮುಂದಿನ ಸೀಟು ಎತ್ತಿ, ಅದರಡಿಯ ಎಂಜಿನ್ನಿಗೆ ಕಿವಿಗೊಟ್ಟು, ಕಾರ್ಬೊರೇಟರಿನ ಒಳಗೆ ಗಾಳಿ ಬಿಡುವ ಬಿಲ್ಲೆಯ ಶಾಫ್ಟು ಸವೆದಿದೆ, ಅದು ಕೂತ ಬುಷ್ ಕೂಡ ಸವೆದಿದೆ, ಸ್ಪ್ರಿಂಗಿಗೆ ಎಳೆಯುವ ಶಕ್ತಿ ಇಲ್ಲ ಎಂದು ಹೇಳಿದ್ದ. ಹೇಳಿ, ಸದ್ಯಕ್ಕೆ ಇರಲಿ ಎಂದು ಒಂದು ಸಣ್ಣ ಸ್ಪ್ರಿಂಗನ್ನು ಜೋಡಿಸಿ ಕಳಿಸುತ್ತಿದ್ದ. ಒಂದು ದಿನ ಸೊರಬದ ಬಸ್ ಸ್ಟ್ಯಾಂಡಿನ ಮುಂದೆ, ಜನ ತುಂಬಿದ ಮೇಲೆ, ಎಂಜಿನ್ ನಿಂತುಹೋಯಿತು. ಉಳಿದ ಡ್ರೈವರುಗಳು ನಕ್ಕರು. ಚಿಕ್ಕಪ್ಪ ಸಿಟ್ಟಿನಲ್ಲಿ, ನಮ್ಮಣ್ಣನ ರಿಪೇರಿ ಹಿಂಗೇ, ಒಂದು ಬಿಗಿದ್ರೆ ಒಂದು ಬಿಚ್ಚುತ್ತೆ ಎಂದುಬಿಟ್ಟ. ಆ ಮಾತು ಅವನಿಗಿಂತ ಮೊದಲೇ ಮನೆ ತಲುಪಿತ್ತು. ಅವತ್ತು ಅಪ್ಪ ಊಟಕ್ಕೆ ಬರಲಿಲ್ಲ. ಚಿಕ್ಕಪ್ಪ ತಟ್ಟೆಯ ಮುಂದೆ ಕೂತು, ಕಟ್ಟೆಯಾಚೆ ವ್ಯಾನಿನ ಪಕ್ಕ ಬೆನ್ನು ಮಾಡಿ ನಿಂತಿದ್ದ ಅಣ್ಣನಿಗೆ ಕೇಳುವ ಹಾಗೆ ಹೇಳಿದ:

"ಸ್ಪ್ರಿಂಗು, ಶಾಫ್ಟು, ಬುಷ್ಷು, ವೈರು, ಎಲ್ಲಾ ಹೊಸದು ಬೀಳಾ ತನಕ ನಾ ಸ್ಟೇರಿಂಗ್ ಮುಟ್ಟಂಗಿಲ್ಲ. ಮಂದಿನ ಕುಂದ್ರಿಸ್ಕೊಂಡು ಹೋಗೋನು ನಾನು."

ಅಪ್ಪ ತಿರುಗಲಿಲ್ಲ.

"ಸೋಮವಾರ ತೊಗರ್ಸಿ ದಿಬ್ಬಣ ಐತಲ್ಲ, ಅಷ್ಟರಾಗೆ ಹಾಕ್ತೀನಿ," ಎಂದ. "ಮಂದಿ ಮುಂದೆ ಹೇಳಿದ್ದು ಸಾಕು. ಮನಿಯಾಗೂ ಹೇಳಬ್ಯಾಡ."

ಶನಿವಾರ ಅಪ್ಪ ಶಿವಮೊಗ್ಗಕ್ಕೆ ಹೋಗಿ ಸಾಮಾನು ತಂದ. ಭಾನುವಾರ ಮಧ್ಯಾಹ್ನ ನಡುಮನೆಯ ಕಟ್ಟೆಯ ಪಕ್ಕ ಗೋಣಿಚೀಲ ಹಾಸಿ ಕಾರ್ಬೊರೇಟರ್ ಬಿಚ್ಚಿ ಹರಡಿದ. ಚಿಕ್ಕಪ್ಪ ಮನೆಯಲ್ಲಿರಲಿಲ್ಲ, ಮುನಿಸಿನಲ್ಲಿ ಪೇಟೆ ಕಡೆ ಹೋಗಿದ್ದ. ಅಪ್ಪ ಕೆಲಸ ಮಾಡುವಾಗ ಚೆಂದ ಕಾಣುತ್ತಿದ್ದ. ಮಾತಿಲ್ಲ, ಅವಸರವಿಲ್ಲ. ಪ್ರತಿ ಸ್ಕ್ರೂವನ್ನೂ ಬಿಚ್ಚಿದ ಸಾಲಿನಲ್ಲೇ ಇಡುತ್ತಿದ್ದ. ಹಳೆಯ ಶಾಫ್ಟನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿ, ನೋಡು, ಇಲ್ಲಿ ಬಳೆ ಹಾಕಿದಂಗೆ ಸವೆದೈತಿ ಎಂದ. ನಿಜಕ್ಕೂ ಹಾಗೇ ಇತ್ತು. ಹೊಸ ಬುಷ್ಷನ್ನು ಮರದ ತುಂಡು ಇಟ್ಟು ಮೆಲ್ಲಗೆ ಬಡಿದು ಕೂರಿಸಿದ, ಹೊಸ ಶಾಫ್ಟು ತೂರಿಸಿದ, ಗಾಳಿಯ ಬಿಲ್ಲೆ ಎಲ್ಲೂ ತಾಗದೆ ತಿರುಗುತ್ತದೆಯೇ ಎಂದು ಇಪ್ಪತ್ತು ಸಲ ತಿರುಗಿಸಿ ನೋಡಿದ. ಹೊಸ ಸ್ಪ್ರಿಂಗು ಬಹಳ ಬಿಗಿ ಇತ್ತು. ನಾನು ಬೆರಳು ಇಟ್ಟು ಬಿಟ್ಟಾಗ ಬಿಲ್ಲೆ ಟಪ್ ಎಂದು ಮುಚ್ಚಿಕೊಂಡಿತು. ಅಪ್ಪನ ಮುಖದಲ್ಲಿ ಆ ವಾರದ ಮೊದಲ ನಗು ಬಂದದ್ದು ಆಗ.

ಕೊನೆಗೆ ಉಳಿದದ್ದು ವೈರು, ಕಾಲ ಹತ್ತಿರದ ಎಕ್ಸಲೇಟರಿನಿಂದ ಕಾರ್ಬೊರೇಟರಿಗೆ ಒಂದು ಸಣ್ಣ ಕೊಳವೆಯೊಳಗಿಂದ ಹೋಗುವ ಉಕ್ಕಿನ ವೈರು. ಹೊಸ ವೈರನ್ನು ಹಾಕಿದರೆ ನಾಲ್ಕು ಬೆರಳು ಗಿಡ್ಡ. ಅಂಗಡಿಯವನು ಹೊಸ ಮಾಡೆಲ್ಲಿನದು ಕೊಟ್ಟುಬಿಟ್ಟಿದ್ದ. ಎಳೆದು ಸಿಕ್ಕಿಸಿ ಸ್ಟಾರ್ಟ್ ಮಾಡಿದರೆ, ಯಾರೂ ಒತ್ತದೆಯೇ ಎಂಜಿನ್ ಕೂಗುತ್ತಿತ್ತು. ಅಪ್ಪ ಮೂರು ಸಲ ಹಾಕಿ ಮೂರು ಸಲ ತೆಗೆದ. ಭಾನುವಾರ, ಶಿಕಾರಿಪುರದಲ್ಲಿ ಬಿಡಿಭಾಗದ ಅಂಗಡಿಗಳು ಮುಚ್ಚಿದ್ದವು. ಕೊನೆಗೆ ಹಳೆಯ ವೈರನ್ನೇ ಕೈಗೆತ್ತಿಕೊಂಡ. ಅದರ ತುದಿಯಲ್ಲಿ ಒಂದು ಎಳೆ ಬಿಟ್ಟುಕೊಂಡು ಮುಳ್ಳಿನ ಹಾಗೆ ನಿಂತಿತ್ತು. ಇಕ್ಕಳದಲ್ಲಿ ಅದನ್ನು ಕತ್ತರಿಸಿ, ವೈರಿಗೆ ಹರಳೆಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸಿ, ಹಾಕಿದ. ಅವ್ವ ಒಳಗಿಂದ ಬಂದು ನಿಂತಿದ್ದಳು.

"ಅದು ಹಳೇದಲ್ಲೇನ್ರಿ?"

"ನಾಳೆ ಒಂದಿನ. ಮಂಗಳವಾರ ಶಿವಮೊಗ್ಗಕ್ಕೆ ಹೋಗಿ ಬದಲಿಸ್ಕೊಂಡು ಬರ್ತೀನಿ. ಒಂದು ಎಳೆ ಹೋಗೈತಿ ಅಷ್ಟೆ."

"ಪರಸುಗೆ ಹೇಳಿಬಿಡ್ರಿ ಮತ್ತ."

ಅಪ್ಪ ಗೋಣಿಚೀಲ ಮಡಚಿದ. ಹೊಸ ವೈರನ್ನು ಸುರುಳಿ ಸುತ್ತಿ, ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟ. ಅವನು ಇಟ್ಟದ್ದನ್ನು ನಾನು ನೋಡಿದೆ.

ಸೋಮವಾರ ಬೆಳಿಗ್ಗೆ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಮುನಿಸು ಇಳಿದಿತ್ತು. ಚಿಕ್ಕಮ್ಮ ವ್ಯಾನಿನ ಮುಂದೆ ಸೇವಂತಿಗೆ ಹಾರ ಕಟ್ಟುತ್ತಿದ್ದಳು. ಅಪ್ಪ ಚಹಾದ ಲೋಟ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ನಾನು ಅವನ ಪಕ್ಕ ನಿಂತು ಜಡೆ ಹಾಕಿಸಿಕೊಳ್ಳಲು ಅವ್ವನನ್ನು ಕಾಯುತ್ತಿದ್ದೆ. ಚಿಕ್ಕಪ್ಪ ಸ್ಟಾರ್ಟ್ ಮಾಡಿ, ಎರಡು ಸಲ ಎಕ್ಸಲೇಟರ್ ಒತ್ತಿ ಬಿಟ್ಟ. ಸದ್ದು ಏರಿ ತಟ್ಟನೆ ಇಳಿಯಿತು. ಅವನು ತಲೆ ಆಡಿಸಿದ, ನಂತರ ಕಿಟಕಿಯಿಂದ ಮುಖ ಹೊರಗೆ ಹಾಕಿದ.

"ಎಲ್ಲಾ ಹೊಸದು ಹಾಕಿದ್ಯೇನಣ್ಣ?"

"ಎಲ್ಲಾ ಹೊಸದು."

"ವೈರು?"

"ವೈರೂ ಹೊಸದು. ಹೊತ್ತು ಮಾಡಬ್ಯಾಡ, ಮಂದಿ ಕಾಯ್ತಿರ್ತಾರೆ."

ಚಿಕ್ಕಪ್ಪ ನನ್ನ ಕಡೆ ನೋಡಿ ನಕ್ಕ.

"ಹೌದೇನವ್ವ ಇನ್‌ಸ್ಪೆಕ್ಟರ್? ನೀನು ನೋಡೀಯಲ್ಲ?"

ನಾನು ಅಪ್ಪನ ಮುಖ ನೋಡಿದೆ. ಅವನು ಲೋಟದೊಳಗೆ ನೋಡುತ್ತಿದ್ದ. ನಾನು ಹೌದು ಎಂದು ತಲೆ ಆಡಿಸಿದೆ. ಚಿಕ್ಕಪ್ಪ ಒಂದು ಗಳಿಗೆ ಹಾಗೇ ನೋಡಿ, ಗೇರ್ ಹಾಕಿ ಹೊರಟ.

ಮುಂದಿನದನ್ನು ನನಗೆ ಹೇಳಿದವಳು ಉಡುತಡಿ ಕಡೆಯ ಒಬ್ಬ ಕುರಿ ಕಾಯುವ ಹೆಂಗಸು, ಮೈಲವ್ವ. ಶಿರಾಳಕೊಪ್ಪ ದಾಟಿ ತೊಗರ್ಸಿಯ ದಾರಿಯಲ್ಲಿ, ಕೆರೆ ಏರಿಯ ತಿರುವಿನಲ್ಲಿ, ಅವಳು ತನ್ನ ಮಂದೆಯನ್ನು ರಸ್ತೆ ದಾಟಿಸುತ್ತಿದ್ದಳು. ಅವಳ ಮಗಳು, ನಾಲ್ಕು ವರ್ಷದವಳು, ಒಂದು ಮರಿಯನ್ನು ಎತ್ತಿಕೊಂಡು ಹಿಂದೆ ಉಳಿದಿದ್ದಳು. ವ್ಯಾನ್ ಬರುವ ಸದ್ದು ಕೇಳಿ ಮೈಲವ್ವ ಕೈ ಎತ್ತಿದಳು. ಚಿಕ್ಕಪ್ಪ ಕಾಲು ತೆಗೆದಿದ್ದಾನೆ. ಎಂಜಿನ್ ಇಳಿಯಲಿಲ್ಲ, ಏರಿತು. ಬ್ರೇಕ್ ತುಳಿದ, ಕೀಲಿ ತಿರುಗಿಸಿದ, ಆದರೆ ಅಷ್ಟು ಜಾಗ ಇರಲಿಲ್ಲ. ಎಡಕ್ಕೆ ಕೆರೆ, ಎದುರಿಗೆ ಮಗು. ಅವನು ಬಲಕ್ಕೆ ಎಳೆದು ಹುಣಸೆಮರಕ್ಕೆ ಗುದ್ದಿದ. ಆ ವ್ಯಾನಿಗೆ ಮುಂದೆ ಮೂತಿ ಇರಲಿಲ್ಲ, ತಗಡಿನ ಹಿಂದೆಯೇ ಡ್ರೈವರನ ಕಾಲು. ದಿಬ್ಬಣದವರು ಇನ್ನೂ ಹತ್ತಿರಲಿಲ್ಲ, ವ್ಯಾನಿನಲ್ಲಿ ಅವನೊಬ್ಬನೇ ಇದ್ದ. ಒಂದು ಕುರಿ ಸತ್ತಿತು. ಮಗುವಿಗೆ ಏನೂ ಆಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನ ನಮ್ಮ ಮನೆಯಲ್ಲಿ ಒಂದೇ ಒಲೆ ಉರಿಯಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವ್ವ ಹಿಟ್ಟಿನ ಡಬ್ಬಿ ಎಳೆದಾಗ ಆ ಸುರುಳಿ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ಹಿಡಿದಳು. ಬೈಯಲಿಲ್ಲ. ಎಲ್ಲಿಡ್ಲಿ ಇದನ್ನ ಎಂದು ಕೇಳಿದಳು ಅಷ್ಟೆ. ಅಪ್ಪ ಅದನ್ನು ತೆಗೆದುಕೊಂಡು ಹೊರಗೆ ಹೋದ. ಎಲ್ಲಿ ಎಸೆದನೋ ಗೊತ್ತಿಲ್ಲ. ಆಮೇಲೆ ಅವ್ವ ಅಪ್ಪನ ಜೊತೆ ಬೇಕಾದಷ್ಟೇ ಮಾತಾಡಿದಳು, ಬಹಳ ವರ್ಷ.

ಚಿಕ್ಕಪ್ಪ ಮನೆಗೆ ಬಂದ ಮೇಲೆ, ಕಟ್ಟೆ ದಾಟಲು ಕಷ್ಟವೆಂದು, ವ್ಯಾನ್ ನಿಲ್ಲುತ್ತಿದ್ದ ಜಾಗದಲ್ಲೇ ಅವನ ಮಂಚ ಹಾಕಿದರು. ನೆಲದಲ್ಲಿ ಇನ್ನೂ ಎಣ್ಣೆಯ ಕಲೆ ಇತ್ತು. ಚಿಕ್ಕಮ್ಮ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಒಂದು ಬೆಳಿಗ್ಗೆ ಮೈಲವ್ವ ಮಗಳನ್ನು ಕರೆದುಕೊಂಡು ಬಂದಳು. ತಾನೇ ನೂತ ಉಣ್ಣೆಯ ಕರಿ ಕಂಬಳಿಯೊಂದನ್ನು ಮಂಚದ ಮೇಲೆ ಹೊದಿಸಿ, ಮಗುವನ್ನು ಚಿಕ್ಕಪ್ಪನ ಪಕ್ಕ ಕೂರಿಸಿ, ಈ ಕೂಸು ನಿಮ್ದು ಅಂತ ತಿಳ್ಕೊಳ್ರಿ ಎಂದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಕಡೆಗೂ ತಿರುಗಿ ಕೈ ಮುಗಿದು, ಇಂಥಾ ತಮ್ಮನ್ನ ಪಡೆದೀರಿ ನೀವು ಎಂದಳು. ಅಪ್ಪ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗಿಳಿದು ಹೋದ. ಹೊತ್ತು ಮುಳುಗುವ ತನಕ ಬರಲಿಲ್ಲ.

ಅದಾದ ಒಂದು ವಾರಕ್ಕೆ, ನುಜ್ಜಾದ ವ್ಯಾನನ್ನು ಎಳೆದುಕೊಂಡು ಹೋಗಿದ್ದ ಮೇಸ್ತ್ರಿ ಬಂದ. ಅಪ್ಪನಿಗೆ ಕೆಲಸ ಕಲಿಸಿದವನು ಅವನೇ, ವಯಸ್ಸಾದವನು. ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ನಾವೆಲ್ಲ ಅಲ್ಲೇ ಇದ್ದೆವು. ಅವನಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ.

"ಎಲ್ಲಾ ಬಿಚ್ಚಿ ನೋಡಿದ್ನಪ್ಪ ಪರಸಪ್ಪ. ಶಾಫ್ಟು, ಬುಷ್ಷು ಛಲೋ ಕುಂತಾವೆ, ನಿಮ್ಮಣ್ಣನ ಕೈ ಅಂದ್ರೆ ಕೈ. ಆದ್ರೆ ಸ್ಪ್ರಿಂಗು ಹೊಸದು, ಬಾಳ ಬಿಗಿ. ವೈರು ಹಳೇದು. ಬಿಗಿ ಸ್ಪ್ರಿಂಗಿಗೆ ಹಳೇ ವೈರು ತಡೀಲಿಲ್ಲ. ಎಳೆ ಬಿಟ್ಕೊಂಡು ಕೊಳವೆ ಬಾಯಾಗೆ ಗಂಟಾಗಿ ಸಿಕ್ಕೊಂಡೈತಿ. ಸ್ಪ್ರಿಂಗೂ ಹಳೇದಿದ್ದಿದ್ರೆ ಇನ್ನೊಂದಿಷ್ಟು ದಿನ ಓಡ್ತಿತ್ತೋ ಏನೋ."

ಚಿಕ್ಕಮ್ಮ ಚಹಾ ತರುತ್ತಿದ್ದವಳು ಕಟ್ಟೆಯ ಹತ್ತಿರ ನಿಂತುಬಿಟ್ಟಳು. ಅಪ್ಪ ಕಂಬಕ್ಕೆ ಕೈ ಕೊಟ್ಟು ನಿಂತಿದ್ದ. ಅವನ ತುಟಿ ಅಲುಗಿದ್ದನ್ನು ನಾನು ನೋಡಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ಅವನು ಹೇಳಿದರೆ ನನ್ನದೂ ಹೇಳಿದ ಹಾಗಾಗುತ್ತದೆ ಎಂದು ಕಾದೆ. ಅವನಿಗಿಂತ ಮೊದಲು ಚಿಕ್ಕಪ್ಪನೇ ಮಾತಾಡಿದ.

"ಹೊಸ ವೈರೂ ಹರೀತಾವೆ ಬಿಡ್ರಿ ಮೇಸ್ತ್ರಿ. ಎಣ್ಣಿ ಕುಡಿದಿತ್ತು, ನಿಮಗೆ ಹಳೇದಂಗೆ ಕಂಡಿರಬೇಕು."

ಮೇಸ್ತ್ರಿ ಏನೋ ಹೇಳಲು ಹೋಗಿ, ಅಪ್ಪನ ಮುಖ ನೋಡಿ, ಚಹಾದ ಲೋಟಕ್ಕೆ ಕೈ ಚಾಚಿದ. ಚಹಾ ಕುಡಿದು ಎದ್ದು ಹೋದ. ಅಪ್ಪ ಕಂಬ ಬಿಟ್ಟು ಹಿತ್ತಲಿಗೆ ನಡೆದ.

ಮುಂದಿನ ತಿಂಗಳು ಚಿಕ್ಕಮ್ಮನ ಅಣ್ಣ ಸೊರಬದಿಂದ ಬಂದು ತಂಗಿಯನ್ನೂ ತಂಗಿಯ ಗಂಡನನ್ನೂ ಕರೆದುಕೊಂಡು ಹೋದ. ಅಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು, ಚಿಕ್ಕಪ್ಪ ಕೂತು ತೂಕ ಮಾಡಬಹುದು ಎಂದರು. ಹೊರಡುವಾಗ ಚಿಕ್ಕಮ್ಮ ನನ್ನ ತಲೆ ಬಾಚಿ, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿದಳು. ಅವ್ವನ ಕೈ ಹಿಡಿದು, ರೊಟ್ಟಿಗೆ ಜಗಳ ಆಡೋಕೂ ನಂಗೆ ಇನ್ಯಾರಿದಾರೆ ಅಕ್ಕ ಎಂದಳು. ಅಪ್ಪ ಅವರು ತಂದಿದ್ದ ಬಾಡಿಗೆ ಕಾರಿಗೆ ಸಾಮಾನು ಹತ್ತಿಸಿದ, ತಮ್ಮನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ, ಕಂಬಳಿ ಸರಿ ಮಾಡಿದ. ಅಪ್ಪ ಆಮೇಲೆ ಸ್ಪ್ಯಾನರ್ ಮುಟ್ಟಲಿಲ್ಲ. ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಮನೆಯ ಮುಂಭಾಗ ಖಾಲಿ ಬಿತ್ತು. ಅವ್ವ ಅಲ್ಲಿ ಬಟ್ಟೆ ಒಣಗಿಸುತ್ತಿದ್ದಳು.

ನಾನು ಶಾಲೆಯ ಶಿಕ್ಷಕಿಯಾದೆ. ಮೊದಲ ನೇಮಕ ಬಂದಳಿಕೆಯ ಹತ್ತಿರದ ಒಂದು ಹಳ್ಳಿಗೆ. ಮಕ್ಕಳನ್ನು ಎಲ್ಲರ ಮುಂದೆ ನಿಲ್ಲಿಸಿ, ಹೌದೋ ಅಲ್ಲವೋ ಎಂದು ಕೇಳುವುದು ನನ್ನಿಂದ ಯಾವತ್ತೂ ಆಗಿಲ್ಲ. ಒಂದು ಮಗು ಉತ್ತರ ಕೊಡುವ ಮೊದಲು ಯಾರ ಮುಖ ನೋಡುತ್ತದೆ ಎಂದು ನನ್ನ ಕಣ್ಣು ತಾನಾಗಿಯೇ ಹುಡುಕುತ್ತದೆ. ಕೆಲಸ ಸಿಕ್ಕಿದ ವರ್ಷ ಒಂದು ಭಾನುವಾರ ಸಿಹಿ ಕಟ್ಟಿಸಿಕೊಂಡು ಸೊರಬಕ್ಕೆ ಹೋದೆ. ಚಿಕ್ಕಪ್ಪ ಗಿರಣಿಯ ಜಗಲಿಯ ಮೇಲೆ ತಕ್ಕಡಿಯ ಪಕ್ಕ ಕೂತಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು. ಆಗ ನನಗೆ ಇಪ್ಪತ್ತೆರಡು. ಹನ್ನೆರಡು ವರ್ಷ ನುಂಗಿಕೊಂಡಿದ್ದನ್ನು ಅವನ ಮುಂದೆ ಕೂತು ಹೇಳಿಬಿಟ್ಟೆ. ನಾನು ನೋಡಿದ್ದೆ ಚಿಕ್ಕಪ್ಪ, ಹಳೇ ವೈರು ಹಾಕಿದ್ದು ನನಗೆ ಗೊತ್ತಿತ್ತು, ಆದರೂ ಹೌದು ಅಂದೆ ಎಂದೆ. ಅವನು ಗಿರಣಿ ನಿಲ್ಲಿಸಲು ಒಳಗೆ ಸನ್ನೆ ಮಾಡಿದ. ಸದ್ದು ನಿಂತ ಮೇಲೆ ಮಾತಾಡಿದ.

"ನಂಗೂ ಅವತ್ತೇ ಗೊತ್ತಾತು ರತ್ನಾ. ತಲಿ ಆಡ್ಸಾಕ ಮೊದ್ಲು ನಿಮ್ಮಪ್ಪನ ಮುಖ ನೋಡಿದ್ಯಲ್ಲ, ಆವಾಗ."

"ಮತ್ತೆ ಯಾಕೆ ಹೋದೆ?"

"ಹೋಗಿ ಬಂದು ಬಿಚ್ಚಿ ನೋಡಿದ್ರಾತು ಅನ್ಕೊಂಡೆ. ಅಣ್ಣನ್ನ ಸುಳ್ಳ ಮಾಡಿ ಹೆಂಗಸ್ರು ಮಕ್ಕಳ ಮುಂದೆ ನಿಲ್ಸಾಕೆ ಮನಸಾಗಲಿಲ್ಲ. ಬಸ್ ಸ್ಟ್ಯಾಂಡಾಗೆ ಒಂದ್ಸಲ ಹಂಗೆ ಮಾಡಿದ್ನಲ್ಲ, ಅದೇ ತಿಂತಿತ್ತು."

ನಾನು ಅತ್ತೆ. ಅವನು ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ಸವರಿದ. ಆಮೇಲೆ ತಕ್ಕಡಿಯ ಕಲ್ಲುಗಳನ್ನು ಜೋಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದ:

"ಅವನು ಒಂದ್ಸಲ ಬಂದು ಹೇಳಿದ್ರೆ ಸಾಕಿತ್ತು. ಕಾಲು ಬರ್ತಿರಲಿಲ್ಲ, ಅದು ಬಿಡು. ನಂಗೊಬ್ಬ ಅಣ್ಣ ಇರ್ತಿದ್ದ."

ಅದನ್ನು ಹಾಗೇ ತಂದು ಅಪ್ಪನಿಗೆ ಹೇಳಿದೆ. ಅಪ್ಪ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಮೊದಲ ಬಸ್ಸಿಗೆ ಸೊರಬಕ್ಕೆ ಹೋದ. ಅವ್ವ ಅವತ್ತು ಇಡೀ ದಿನ ಬಾಗಿಲಿಗೂ ಅಡುಗೆಮನೆಗೂ ಓಡಾಡಿದಳು. ಸಂಜೆ ಬಂದ ಅಪ್ಪ ಕೈಕಾಲು ತೊಳೆದು ಕೂತ. ಚಿಕ್ಕಮ್ಮ ಅಕ್ಕಿರೊಟ್ಟಿ ಮಾಡಿದ್ದಳು ಎಂದ, ಗಿರಣಿಯ ಬೆಲ್ಟ್ ಬದಲಿಸಬೇಕಂತೆ ಎಂದ, ಆ ಕಡೆ ಶುಂಠಿ ಚೆನ್ನಾಗಿದೆ ಎಂದ. ನಾನು ತಡೆಯಲಾರದೆ ಕೇಳಿದೆ.

"ಹೇಳಿದ್ಯಾ ಅಪ್ಪ?"

"ದಿನ ಪೂರ್ತಿ ಅವನ ಮಗ್ಗುಲಾಗೇ ಕುಂತಿದ್ದೆ ತಾಯಿ," ಎಂದ ಅಪ್ಪ. "ಬಾಯಿ ಬರಲಿಲ್ಲ."

ಆಮೇಲೆ ಅವನು ಮತ್ತೆ ಎರಡು ಸಲ ಹೋಗಿ ಬಂದ. ಎರಡು ಸಲವೂ ನಾನು ಕೇಳಲಿಲ್ಲ, ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. ಮೂರನೆಯ ವರ್ಷ ಚಿಕ್ಕಪ್ಪ ಒಂದು ಬೆಳಿಗ್ಗೆ ಗಿರಣಿಗೆ ಹೋಗಲು ಎದ್ದವನು ಎದೆ ಹಿಡಿದುಕೊಂಡು ಕೂತು, ಹಾಗೇ ಹೋಗಿಬಿಟ್ಟ. ನಾವು ಸೊರಬ ತಲುಪಿದಾಗ ಅವನನ್ನು ಜಗಲಿಗೆ ತಂದಿದ್ದರು. ಮೈಲವ್ವನ ಮಗಳು, ಆಗಲೇ ಬೆಳೆದ ಹುಡುಗಿ, ಕಾಲ ಬಳಿ ಕೂತಿದ್ದಳು. ಅಪ್ಪ ಸೀದಾ ಮೆಟ್ಟಿಲೇರಿ ತಮ್ಮನ ಎದುರು ನಿಂತ. ಅಂಗಳದ ತುಂಬ ಗುರುತಿಲ್ಲದ ಜನ. ಅವರೆಲ್ಲರ ಮುಂದೆ ಜೋರಾಗಿ ಹೇಳಿದ:

"ವೈರು ಹಳೇದಿತ್ತು ಪರಸು. ನಾ ಸುಳ್ಳು ಹೇಳಿದ್ದೆ."

ಸೊರಬದವರಿಗೆ ಅದು ಏನೆಂದು ತಿಳಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಮ್ಮ ಗೋಡೆಗೊರಗಿ ಕೂತಿದ್ದವಳು ತಲೆ ಎತ್ತಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ಎಂತಕ್ಕೆ ಭಾವ?" ಎಂದಳು. "ಹದಿನೈದು ವರ್ಷ ಇಲ್ಲೇ ಕೂತಿದ್ರಲ್ಲ ಅವರು."

ಅಪ್ಪ ಅಲ್ಲೇ ಕುಸಿದು ಕೂತ. ಅವ್ವ ಹೋಗಿ ಚಿಕ್ಕಮ್ಮನನ್ನು ತಬ್ಬಿಕೊಂಡಳು. ಹೊತ್ತಾಯಿತು, ಎತ್ತೋಣ ಎಂದು ಯಾರೋ ಹೇಳಿದರು. ನಾನು ಚಿಕ್ಕಪ್ಪನ ತಲೆಯ ಹತ್ತಿರ ಮೊಣಕಾಲೂರಿ ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಮಾತನ್ನು ಅವನು ಕೇಳಿದ್ದ, ನನ್ನ ಬೆನ್ನು ಸವರಿದ್ದ, ಹಾಗಾಗಿ ನನಗೆ ಅಳು ಬಂತು. ಅಪ್ಪನಿಗೆ ಅವತ್ತು ಒಂದು ಹನಿ ಕಣ್ಣೀರೂ ಬರಲಿಲ್ಲ. ಆಮೇಲೂ, ಅವನು ಬದುಕಿದ್ದಷ್ಟು ವರ್ಷ, ಅವನು ಅತ್ತದ್ದನ್ನು ನಾವು ನೋಡಲಿಲ್ಲ.